ಮನೆಯ ಗಾಜಿನ ತೊಟ್ಟಿಯಲ್ಲಿ ಹವಳ ಬದುಕಬೇಕಾದರೆ

ಮಂಗಳೂರು, ಕಣ್ಣೂರು, ಕೊಚ್ಚಿಯ ಅಕ್ವೇರಿಯಂ ಅಂಗಡಿಗಳಲ್ಲಿ ಗೋಲ್ಡ್‌ಫಿಶ್‌ಗಳ ಪಕ್ಕದಲ್ಲೇ ನೀಲಿ ಬೆಳಕಿನ ಉಪ್ಪುನೀರಿನ ತೊಟ್ಟಿಗಳು ಈಗ ಕಾಣಸಿಗುತ್ತವೆ. ಕೊಲ್ಲಿ ರಾಷ್ಟ್ರಗಳಲ್ಲಿ ದುಡಿದು ಮರಳಿದವರು ಅಲ್ಲಿ ಕಂಡ ಹವಳದ ತೊಟ್ಟಿಯನ್ನು ಉಪ್ಪಳದಲ್ಲೋ ಕುಂಬಳೆಯಲ್ಲೋ ಕಟ್ಟಿಸಿದ ಹೊಸ ಮನೆಯ ಚಾವಡಿಯಲ್ಲಿ ಇಡಬಯಸುತ್ತಾರೆ. ಮೊಬೈಲಿನಲ್ಲಿ ಅಂಥ ತೊಟ್ಟಿಗಳ ವಿಡಿಯೊ ನೋಡಿದ ಮಕ್ಕಳೂ ಕೇಳುತ್ತಾರೆ. ಕಡಲು ಕೂಗಳತೆಯಲ್ಲೇ ಇರುವ ಕಾಸರಗೋಡಿನಂಥ ಊರಿನಲ್ಲಿ ಇದು ಸುಲಭದ ಕೆಲಸವೆಂದು ತೋರಬಹುದು. ಆದರೆ ಹೊಸ ತೊಟ್ಟಿಗೆ ತಂದ ಹವಳ ಕೆಲವೇ ವಾರಗಳಲ್ಲಿ ಬಿಳುಚಿಕೊಂಡು ಕರಗಿಹೋಗುವುದು ಸಾಮಾನ್ಯ. ಇದಕ್ಕೆ ಹೆಚ್ಚಿನ ಸಂದರ್ಭಗಳಲ್ಲಿ ರೋಗ ಕಾರಣವಾಗಿರುವುದಿಲ್ಲ, ಆಹಾರದ ಕೊರತೆಯೂ ಕಾರಣವಾಗಿರುವುದಿಲ್ಲ. ತೊಟ್ಟಿಯ ನೀರು ಇನ್ನೂ ಒಂದು ಸ್ಥಿತಿಯಲ್ಲಿ ನೆಲೆನಿಂತಿರುವುದಿಲ್ಲ, ಅಷ್ಟೇ. ನೀರಿನ ಸ್ಥಿರತೆ ಹವಳಕ್ಕೆ ಇಷ್ಟೊಂದು ಏಕೆ ಮುಖ್ಯ ಎಂಬುದು ತಿಳಿಯಬೇಕಾದರೆ ಹವಳದ ದೇಹದಿಂದಲೇ ಆರಂಭಿಸಬೇಕು.

ಹವಳ ಎಂದರೆ ಯಾವ ಜೀವಿ?

ಕೆಲವರು ಗಿಡವೆಂದೂ ಕೆಲವರು ಕಲ್ಲೆಂದೂ ಭಾವಿಸುವ ಹವಳವು ವಾಸ್ತವದಲ್ಲಿ ಒಂದು ಪ್ರಾಣಿ. ಲೋಳೆಮೀನು ಸೇರಿರುವ ಬಳಗಕ್ಕೇ ಇದೂ ಸೇರುತ್ತದೆ. ಒಂದು ಹವಳದಲ್ಲಿ ಪಾಲಿಪ್ ಎಂಬ ನೂರಾರು ಪುಟ್ಟ ಜೀವಿಗಳು ಪರಸ್ಪರ ಅಂಟಿಕೊಂಡು ಬಾಳುತ್ತವೆ. ಪ್ರತಿಯೊಂದಕ್ಕೂ ಒಂದು ಬಾಯಿ, ಅದರ ಸುತ್ತ ಗ್ರಹಣಾಂಗಗಳು. ಕಲ್ಲುಹವಳಗಳಲ್ಲಿ ಪಾಲಿಪ್‌ಗಳು ತಮ್ಮ ಅಡಿಯಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟಿನ ಗಟ್ಟಿ ಅಸ್ಥಿಪಂಜರವನ್ನು ಕಟ್ಟುತ್ತ ಹೋಗುತ್ತವೆ. ಮೆದು ಹವಳಗಳಲ್ಲಿ ಅಂಥ ಪಂಜರವಿಲ್ಲ. ಅವುಗಳಲ್ಲಿ ಹಲವು ಬಗೆಗಳ ಮಾಂಸದೊಳಗೆ ಅದೇ ವಸ್ತುವಿನ ಸಣ್ಣ ಸಣ್ಣ ಕಣಗಳು ಮಾತ್ರ ಹರಡಿರುತ್ತವೆ.

ಹವಳದ ಅಂಗಾಂಶದೊಳಗೆ ಬರಿಗಣ್ಣಿಗೆ ಕಾಣದ ಸೂಕ್ಷ್ಮ ಪಾಚಿ ವಾಸಿಸುತ್ತದೆ. ಹವಳ ಉಸಿರಾಡಿ ಬಿಟ್ಟ ಇಂಗಾಲದ ಡೈಆಕ್ಸೈಡನ್ನೂ ಅದರ ದೇಹದ ತ್ಯಾಜ್ಯವನ್ನೂ ಬಳಸಿ ಈ ಪಾಚಿಯು ಬೆಳಕಿನಲ್ಲಿ ಸಕ್ಕರೆ ತಯಾರಿಸುತ್ತದೆ ಮತ್ತು ಅದರ ಬಹುಪಾಲನ್ನು ಹವಳಕ್ಕೆ ಕೊಡುತ್ತದೆ. ಹವಳಕ್ಕೆ ಬೇಕಾದ ಶಕ್ತಿಯ ಶೇ. 90ರವರೆಗೂ ಈ ದಾರಿಯಿಂದಲೇ ಬರಬಲ್ಲದು. ಹವಳದ ಕಂದು ಛಾಯೆ ಬಹುಮಟ್ಟಿಗೆ ಈ ಪಾಚಿಗೇ ಸೇರಿದ್ದು. ನೀರು ಅತಿಯಾಗಿ ಬಿಸಿಯಾದಾಗ ಅಥವಾ ಬೆಳಕು ಹಠಾತ್ತನೆ ಹೆಚ್ಚಿದಾಗ ಪಾಚಿಯ ದ್ಯುತಿಸಂಶ್ಲೇಷಣೆ ಹದ ತಪ್ಪಿ, ಜೀವಕೋಶಗಳಿಗೆ ಹಾನಿ ಮಾಡುವ ಆಮ್ಲಜನಕದ ರೂಪಗಳು ಹುಟ್ಟುತ್ತವೆ. ಆಗ ಹವಳವು ಪಾಚಿಯನ್ನು ಹೊರದಬ್ಬುತ್ತದೆ. ಉಳಿದ ಅಂಗಾಂಶ ಪಾರದರ್ಶಕವಾದುದರಿಂದ ಒಳಗಿನ ಬಿಳಿ ಪಂಜರ ಎದ್ದು ಕಾಣುತ್ತದೆ. ಬಿಳುಚುವಿಕೆ ಎಂದರೆ ಇದೇ. ಬಿಳುಚಿದ ಹವಳ ಸತ್ತಿರುವುದಿಲ್ಲ, ಉಪವಾಸ ಬಿದ್ದಿರುತ್ತದೆ. ಪರಿಸ್ಥಿತಿ ಬೇಗ ಸುಧಾರಿಸಿದರೆ ಪಾಚಿ ಮರಳಿ ಬೆಳೆಯಬಲ್ಲದು. ಲಕ್ಷದ್ವೀಪದ ಹವಳದ ದಿಬ್ಬಗಳಲ್ಲಿ 1998, 2010, 2016ರಲ್ಲೂ ಮತ್ತೆ 2024ರಲ್ಲೂ ನಡೆದದ್ದು ಇದೇ ಕ್ರಿಯೆ. ನಮ್ಮ ತೊಟ್ಟಿಯಲ್ಲಿ ಅದಕ್ಕೆ ಒಂದು ಮಧ್ಯಾಹ್ನ ಸಾಕು.

ಯಾವ ಹವಳವನ್ನು ತರಬಹುದು?

ಹಣ ಕೊಡುವ ಮೊದಲು ಕಾನೂನನ್ನು ತಿಳಿದಿರಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೆಯ ಅನುಸೂಚಿಯಲ್ಲಿ ದಿಬ್ಬ ಕಟ್ಟುವ ಕಲ್ಲುಹವಳಗಳು, ಕಪ್ಪು ಹವಳ, ಬೆಂಕಿ ಹವಳ, ಆರ್ಗನ್ ಪೈಪ್ ಹವಳ ಮತ್ತು ಬೀಸಣಿಗೆಯಾಕಾರದ ಗೋರ್ಗೋನಿಯನ್‌ಗಳು ಸೇರಿವೆ. ಹುಲಿ, ಆನೆಗಳಿಗೆ ಇರುವ ರಕ್ಷಣೆಯೇ ಇವುಗಳಿಗೂ ಇದೆ. ಲಕ್ಷದ್ವೀಪ, ಮನ್ನಾರ್ ಕೊಲ್ಲಿ, ಮಾಲ್ವಣ, ನೇತ್ರಾಣಿ ಮುಂತಾದ ನಮ್ಮ ಯಾವುದೇ ಕಡಲಿನಿಂದ ಇವನ್ನು ಕಿತ್ತು ತರುವುದು ಅಪರಾಧ. ಅಲೆಯೊಡನೆ ದಡಕ್ಕೆ ಬಂದ ಸತ್ತ ತುಂಡನ್ನೂ ಎತ್ತಿಕೊಂಡು ಬರಬಾರದು. 2022ರ ತಿದ್ದುಪಡಿಯ ನಂತರ ಈ ಅನುಸೂಚಿಯ ಜೀವಿಗಳ ವಿಷಯದಲ್ಲಿ ತಪ್ಪಿತಸ್ಥರಿಗೆ ಕನಿಷ್ಠ 3ರಿಂದ 7 ವರ್ಷಗಳವರೆಗೆ ಸೆರೆವಾಸ ಮತ್ತು ₹25,000ಕ್ಕೆ ಕಡಿಮೆಯಿಲ್ಲದ ದಂಡ ಇದೆ. ಅಳಿವಿನಂಚಿನ ಜೀವಿಗಳ ಅಂತಾರಾಷ್ಟ್ರೀಯ ವ್ಯಾಪಾರ ಒಪ್ಪಂದದ (ಸೈಟಿಸ್) ಪಟ್ಟಿಯಲ್ಲಿರುವ ವಿದೇಶಿ ಜೀವಿಗಳನ್ನು ಇಟ್ಟುಕೊಳ್ಳುವವರು 2024ರ ನಿಯಮಗಳಂತೆ ಕೇಂದ್ರ ಸರ್ಕಾರದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ಕಲ್ಲುಹವಳಗಳೆಲ್ಲವೂ ಆ ಒಪ್ಪಂದದ ಎರಡನೆಯ ಪಟ್ಟಿಯಲ್ಲಿವೆ.

ಆದುದರಿಂದ ಕಲ್ಲುಹವಳದ ಆಸೆಯಿರುವವರು ಅಂಗಡಿಯವರ ಬಾಯಿಮಾತನ್ನು ನಂಬದೆ, ಆಮದಿನ ಕಾಗದಪತ್ರಗಳನ್ನು ಕೇಳಿ, ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿಯೇ ಮುಂದುವರಿಯಬೇಕು. ಹೊಸಬರು ಮೆದು ಹವಳಗಳಿಂದ ಆರಂಭಿಸುವುದೇ ಮೇಲು, ಜೀವಶಾಸ್ತ್ರವೂ ಇದೇ ದಾರಿಯನ್ನು ತೋರಿಸುತ್ತದೆ ಎಂಬುದು ಸಮಾಧಾನದ ಸಂಗತಿ. ಲೆದರ್ ಕೋರಲ್, ಮಶ್ರೂಮ್ ಕೋರಲ್, ಜೀನಿಯಾ ಮುಂತಾದ ಪಂಜರವಿಲ್ಲದ ಬಗೆಗಳು ನೀರಿನ ಸಣ್ಣಪುಟ್ಟ ಏರಿಳಿತವನ್ನು ಸಹಿಸುತ್ತವೆ, ಮಧ್ಯಮ ಬೆಳಕಿನಲ್ಲೇ ಬೆಳೆಯುತ್ತವೆ. ಕೊಳ್ಳುವಾಗ ಅವೂ ತೊಟ್ಟಿಯಲ್ಲೇ ತುಂಡು ಮಾಡಿ ಬೆಳೆಸಿದವುಗಳೇ ಎಂದು ಕೇಳಿ ಬಿಲ್ ಪಡೆಯುವುದು ಒಳ್ಳೆಯದು.

ಕಡಲ ನೀರು ಬೇಡ, ಕಲ್ಲುಪ್ಪೂ ಬೇಡ

ಬೇಕಲದಿಂದ ಕ್ಯಾನಿನಲ್ಲಿ ಕಡಲ ನೀರು ತಂದು ಸುರಿದರೆ ಆಗದೇ ಎಂಬ ಪ್ರಶ್ನೆ ನಮ್ಮಲ್ಲಿ ಸಹಜವಾಗಿ ಬರುತ್ತದೆ. ಕಾಸರಗೋಡು ಜಿಲ್ಲೆಯಲ್ಲಿ ಚಂದ್ರಗಿರಿ, ಶಿರಿಯ, ಉಪ್ಪಳ ಹೊಳೆಗಳೂ ಸೇರಿ 12 ನದಿಗಳಿವೆ. ಮಳೆಗಾಲದಲ್ಲಿ ಇವು ಕೆಂಪು ಮಣ್ಣನ್ನೂ ಸಿಹಿನೀರನ್ನೂ ದಡದ ಕಡಲಿಗೆ ತುಂಬುವುದರಿಂದ ಅಲ್ಲಿನ ಉಪ್ಪಿನಂಶ ಇಳಿಯುತ್ತದೆ, ನೀರು ಕದಡುತ್ತದೆ. ಇಂಥ ದಡದಲ್ಲಿ ಹವಳದ ದಿಬ್ಬ ಬೆಳೆಯುವುದಿಲ್ಲ. ದಿಬ್ಬಗಳನ್ನು ನೋಡಬೇಕಾದರೆ ಹೊಳೆಗಳೇ ಇಲ್ಲದ ಲಕ್ಷದ್ವೀಪಕ್ಕೆ ಹೋಗಬೇಕು. ಬೇಸಿಗೆಯಲ್ಲೂ ದಡದ ನೀರಿನಲ್ಲಿ ದೋಣಿಗಳ ಡೀಸೆಲ್, ಚರಂಡಿಯ ಕೊಳೆ, ಪರಾವಲಂಬಿ ಜೀವಿಗಳು ಇರಬಹುದು.

ಇನ್ನು ಅಡುಗೆಮನೆಯ ಕಲ್ಲುಪ್ಪು. ಉಪ್ಪಿನ ಗದ್ದೆಯಲ್ಲಿ ಕಡಲ ನೀರು ಆರುತ್ತ ಬಂದಂತೆ ಮೊದಲು ತಳಕ್ಕಿಳಿಯುವುದು ಕ್ಯಾಲ್ಸಿಯಂ ಲವಣಗಳು. ಆಮೇಲೆ ಹರಳುಗಟ್ಟುವುದು ನಾವು ತಿನ್ನುವ ಸೋಡಿಯಂ ಕ್ಲೋರೈಡ್. ಕೊನೆಗೆ ಉಳಿಯುವ ಕಹಿನೀರಿನಲ್ಲಿ ಮೆಗ್ನೀಸಿಯಂ ಹರಿದುಹೋಗುತ್ತದೆ. ಹವಳಕ್ಕೆ ಬೇಕಾದ ಎರಡು ಮುಖ್ಯ ಧಾತುಗಳು ಕಲ್ಲುಪ್ಪಿನಲ್ಲಿ ಬಹುಮಟ್ಟಿಗೆ ಇರುವುದಿಲ್ಲ ಎಂದಾಯಿತು. ಹವಳದ ತೊಟ್ಟಿಗಾಗಿಯೇ ಸಿದ್ಧಪಡಿಸಿದ ಕೃತಕ ಕಡಲುಪ್ಪಿನಲ್ಲಿ ಇವೆಲ್ಲವೂ ಕಡಲಿನ ಪ್ರಮಾಣದಲ್ಲೇ ಇರುತ್ತವೆ. ಅದನ್ನು ಲೀಟರಿಗೆ 35 ಗ್ರಾಂ ಲವಣಾಂಶ ಬರುವಂತೆ, ಅಂದರೆ 1.026 ಸಾಪೇಕ್ಷ ಸಾಂದ್ರತೆಗೆ, ಕರಗಿಸಬೇಕು. ಅಳೆಯಲು ರಿಫ್ರ್ಯಾಕ್ಟೋಮೀಟರ್ ಎಂಬ ಉಪಕರಣ ಬೇಕು.

ಉಪ್ಪು ಕರಗಿಸುವ ಸಿಹಿನೀರು ಯಾವುದು ಎಂಬುದು ನಮ್ಮ ಕಡೆಯಲ್ಲಿ ಇನ್ನೂ ಮುಖ್ಯ. ಬಾಯಾರು, ಎಣ್ಮಕಜೆಯಲ್ಲಿ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗದ ನೀರಾಗಲಿ ಮುರಕಲ್ಲಿನ ನೆಲದ ಬಾವಿಯ ನೀರಾಗಲಿ ಕುಡಿಯಲು ಸೊಗಸು. ಅದರಲ್ಲಿ ಖನಿಜಾಂಶ ಕಡಿಮೆ, ಸ್ವಲ್ಪ ಆಮ್ಲೀಯ ಗುಣವೂ ಇರುತ್ತದೆ. ಆದರೆ ಅದರಲ್ಲಿರಬಹುದಾದ ಕಬ್ಬಿಣ, ತೋಟದ ಗೊಬ್ಬರದ ನೈಟ್ರೇಟ್, ಹಳೆಯ ಪಂಪು ಮತ್ತು ಹಿತ್ತಾಳೆ ನಲ್ಲಿಗಳಿಂದ ಸೇರುವ ಲೋಹ ಇವು ನಾಲಗೆಗೆ ತಿಳಿಯುವುದಿಲ್ಲ, ಹವಳಕ್ಕೆ ತಿಳಿಯುತ್ತವೆ. ಆದುದರಿಂದ ಆರ್‌ಒ ಯಂತ್ರದಲ್ಲಿ ಸೋಸಿ, ಅದರ ನಂತರ ಡಿಐ ರೆಸಿನ್ ಎಂಬ ಸೋಸಕವನ್ನು ಜೋಡಿಸಿ, ನೀರಿನಲ್ಲಿ ಕರಗಿದ ಲವಣಗಳನ್ನು ಅಳೆಯುವ ಟಿಡಿಎಸ್ ಮೀಟರಿನಲ್ಲಿ ಸೊನ್ನೆ ತೋರಿಸುವ ನೀರನ್ನೇ ಬಳಸಬೇಕು. ಹಂಚಿನ ಅಥವಾ ತಗಡಿನ ಮಾಡಿನಿಂದ ಹಿಡಿದ ಮಳೆನೀರನ್ನೂ ಹೀಗೆ ಸೋಸದೆ ಹಾಕಬಾರದು.

ಅಡಿಕೆ ತೋಟವಿರುವ ಮನೆಗಳಲ್ಲಿ ಇನ್ನೊಂದು ಎಚ್ಚರ ಬೇಕು. ಕೊಳೆರೋಗಕ್ಕೆ ಬಿಡುವ ಬೋರ್ಡೋ ದ್ರಾವಣದಲ್ಲಿ 100 ಲೀಟರ್ ನೀರಿಗೆ 1 ಕಿಲೊ ಮೈಲುತುತ್ತು, 1 ಕಿಲೊ ಸುಣ್ಣ ಇರುತ್ತದೆ. ಮೈಲುತುತ್ತು ಎಂದರೆ ತಾಮ್ರದ ಸಲ್ಫೇಟ್, ಮತ್ತು ತಾಮ್ರವು ಹವಳ, ಬಸವನಹುಳು, ಸೀಗಡಿಯಂಥ ಬೆನ್ನೆಲುಬಿಲ್ಲದ ಜೀವಿಗಳಿಗೆ ಅತ್ಯಲ್ಪ ಪ್ರಮಾಣದಲ್ಲೂ ವಿಷ. ಮದ್ದು ಬಿಡುವ ದಿನಗಳಲ್ಲಿ ಅದೇ ಕೈಯನ್ನು ತೊಟ್ಟಿಗೆ ಹಾಕುವುದು, ಮದ್ದು ಕಲಸಿದ ಬಕೆಟಿನಲ್ಲಿ ಉಪ್ಪುನೀರು ಕಲಸುವುದು ಕೂಡದು. ತೊಟ್ಟಿಗೆ ಬೇರೆಯೇ ಬಕೆಟ್, ಬೇರೆಯೇ ಮಗ್ ಇರಲಿ. ಮೀನಿನ ರೋಗಕ್ಕೆ ಅಂಗಡಿಯಲ್ಲಿ ಕೊಡುವ ಕೆಲವು ಔಷಧಗಳಲ್ಲೂ ತಾಮ್ರವೇ ಇರುತ್ತದೆ. ಸೊಳ್ಳೆ ಕೊಲ್ಲುವ ಸ್ಪ್ರೇಗಳಲ್ಲಿರುವ ಪೈರೆಥ್ರಾಯ್ಡ್ ರಾಸಾಯನಿಕಗಳು ಜಲಜೀವಿಗಳಿಗೆ ಮಾರಕವಾದುದರಿಂದ ತೊಟ್ಟಿಯಿರುವ ಕೋಣೆಯಲ್ಲಿ ಅವುಗಳ ಬಳಕೆಯನ್ನೂ ನಿಲ್ಲಿಸಬೇಕು.

ಹೊಸ ತೊಟ್ಟಿ ಹದಕ್ಕೆ ಬರುವ ಬಗೆ

ಮೀನು ವಿಸರ್ಜಿಸಿದ್ದು, ತಿನ್ನದೆ ಉಳಿದ ಆಹಾರ ಇವೆಲ್ಲ ಕೊಳೆತು ಅಮೋನಿಯ ಆಗುತ್ತದೆ. ಅಮೋನಿಯ ವಿಷ. ಒಂದು ಬಗೆಯ ಬ್ಯಾಕ್ಟೀರಿಯ ಅದನ್ನು ನೈಟ್ರೈಟ್ ಆಗಿಯೂ ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟ್ ಆಗಿಯೂ ಬದಲಿಸುತ್ತವೆ. ನೈಟ್ರೇಟ್ ಅಲ್ಪ ಪ್ರಮಾಣದಲ್ಲಿ ಅಪಾಯಕಾರಿಯಲ್ಲ. ಹವಳದೊಳಗಿನ ಪಾಚಿಗೆ ಅದು ಗೊಬ್ಬರವೇ. ಹೊಸ ಗಾಜು, ಹೊಸ ಕಲ್ಲು, ಹೊಸ ಮರಳಿನಲ್ಲಿ ಈ ಬ್ಯಾಕ್ಟೀರಿಯಗಳು ಸಾಕಷ್ಟಿರುವುದಿಲ್ಲ. ಹಾಲಿಗೆ ಹೆಪ್ಪು ಹಾಕಿ ರಾತ್ರಿಯಿಡೀ ಅಲುಗಾಡಿಸದೆ ಇಡುವಂತೆ, ಬಾಟಲಿಯಲ್ಲಿ ಸಿಗುವ ಬ್ಯಾಕ್ಟೀರಿಯ ದ್ರಾವಣವನ್ನೋ ಹಳೆಯ ತೊಟ್ಟಿಯಲ್ಲಿದ್ದ ಒಂದು ಕಲ್ಲನ್ನೋ ಹಾಕಿ ತೊಟ್ಟಿಯನ್ನು ಅದರ ಪಾಡಿಗೆ ಬಿಡಬೇಕು. ಇಲ್ಲಿ ಮಾತ್ರ ಅದಕ್ಕೆ ಸಾಮಾನ್ಯವಾಗಿ 4ರಿಂದ 6 ವಾರಗಳು ಹಿಡಿಯುತ್ತವೆ. ಹತ್ತು ಲಕ್ಷಕ್ಕೆ 2 ಭಾಗದಷ್ಟು ಅಮೋನಿಯ ಹಾಕಿದರೆ ಅದು 24 ಗಂಟೆಯೊಳಗೆ ಸೊನ್ನೆಗೆ ಇಳಿಯಬೇಕು, ನೈಟ್ರೈಟೂ ಸೊನ್ನೆಯಾಗಬೇಕು. ಅಲ್ಲಿಯವರೆಗೆ ತೊಟ್ಟಿಯಲ್ಲಿ ಜೀವಿಗಳು ಬೇಡ.

ತೊಟ್ಟಿಯೊಳಗಿನ ಬಂಡೆಗೆ ಸೆರಾಮಿಕ್ ಕಲ್ಲು ಸೂಕ್ತ. ಅಂಗಳದಲ್ಲೇ ಬಿದ್ದಿರುವ ಮುರಕಲ್ಲು ಬೇಡ. ಅದರಲ್ಲಿ ಕಬ್ಬಿಣ ಹೆಚ್ಚು, ಕಲ್ಲು ಪುಡಿಯಾಗುವುದೂ ಉಂಟು.

ಅಮೋನಿಯ ಸೊನ್ನೆಯಾದ ಮೇಲೂ ಕೆಲವು ತಿಂಗಳು ತೊಟ್ಟಿ ಕುರೂಪವಾಗಿಯೇ ಇರುತ್ತದೆ: ಮೊದಲು ಕಂದು ಪುಡಿಯಂಥ ಡಯಾಟಮ್, ಆಮೇಲೆ ಕೂದಲಿನಂಥ ಹಸಿರು ಪಾಚಿ, ಕೆಲವೊಮ್ಮೆ ಕೆಂಪು ಲೋಳೆ. ಈ ಹಂತದಲ್ಲಿ ಗಾಬರಿಯಾಗಿ ರಾಸಾಯನಿಕ ಸುರಿಯುವವರೇ ಹೆಚ್ಚು, ಹವಳಗಳನ್ನು ಕಳೆದುಕೊಳ್ಳುವವರೂ ಅವರೇ. ಪಾಚಿ ತಿನ್ನುವ ಬಸವನಹುಳುಗಳನ್ನು ಬಿಟ್ಟು, ವಾರಕ್ಕೊಮ್ಮೆ ಶೇ. 10ರಷ್ಟು ನೀರು ಬದಲಿಸಿ, ಮೀನಿಗೆ ಆಹಾರ ಹಾಕುವಾಗ ಕೈಬಿಗಿ ಹಿಡಿದರೆ ಇದು ತಾನಾಗಿ ತಗ್ಗುತ್ತದೆ. ಕಲ್ಲಿನ ಮೇಲೆ ನಸುಗೆಂಪು ಗಟ್ಟಿ ಪದರ ಹಬ್ಬತೊಡಗಿದಾಗ ತೊಟ್ಟಿ ನೆಲೆಗೊಳ್ಳುತ್ತಿದೆ ಎಂದು ತಿಳಿಯಬಹುದು.

ಆವಿಯಾಗುವುದು ನೀರು, ಉಳಿಯುವುದು ಉಪ್ಪು

100 ಲೀಟರಿನ ತೊಟ್ಟಿಯಲ್ಲಿ 3.5 ಕಿಲೊ ಲವಣವಿದೆ ಎಂದುಕೊಳ್ಳೋಣ. 5 ಲೀಟರ್ ಆವಿಯಾದರೆ ಅದೇ 3.5 ಕಿಲೊ 95 ಲೀಟರಿನಲ್ಲಿ ಉಳಿದು, ಲೀಟರಿಗೆ 36.8 ಗ್ರಾಂ ಆಗುತ್ತದೆ. ಇಳಿದ ಮಟ್ಟವನ್ನು ತುಂಬಲು ಉಪ್ಪುನೀರನ್ನೇ ಸುರಿದರೆ, ಅಂಥ ನಾಲ್ಕೇ ಸಲದಲ್ಲಿ ಲವಣಾಂಶ 42 ಗ್ರಾಮಿಗೆ ಏರುತ್ತದೆ. ಆವಿಯಾದದ್ದಕ್ಕೆ ಬದಲಾಗಿ ಸೋಸಿದ ಸಿಹಿನೀರನ್ನು ಮಾತ್ರ ತುಂಬಬೇಕು. ಅದೂ ವಾರಕ್ಕೊಮ್ಮೆ ಒಟ್ಟಿಗಲ್ಲ, ದಿನವೂ ಸ್ವಲ್ಪ ಸ್ವಲ್ಪ. ನೀರಿನ ಮಟ್ಟ ಇಳಿದೊಡನೆ ತಾನಾಗಿ ತುಂಬಿಸುವ ಸಣ್ಣ ಪಂಪ್ ಸಿಗುತ್ತದೆ. ದುಬಾರಿ ದೀಪಕ್ಕಿಂತ ಮೊದಲು ಇದನ್ನು ಕೊಳ್ಳುವುದು ಜಾಣತನ. ತೊಟ್ಟಿ ದೊಡ್ಡದಾದಷ್ಟೂ ಇಂಥ ಏರಿಳಿತ ನಿಧಾನವಾಗುವುದರಿಂದ, ಚಿಕ್ಕ ತೊಟ್ಟಿಯಿಂದ ಕಲಿಯೋಣ ಎಂಬ ಲೆಕ್ಕಾಚಾರ ಹವಳದ ವಿಷಯದಲ್ಲಿ ತಲೆಕೆಳಗಾಗುತ್ತದೆ. 150ರಿಂದ 200 ಲೀಟರಿನ ತೊಟ್ಟಿ ಹೊಸಬರಿಗೆ ಸುಲಭ.

ಮೇ ತಿಂಗಳ ಬಿಸಿ, ಜೂನ್ ತಿಂಗಳ ಕರೆಂಟು

ಹವಳದ ತೊಟ್ಟಿಯನ್ನು 25–26 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡುವುದು ವಾಡಿಕೆ. ಏಪ್ರಿಲ್–ಮೇ ತಿಂಗಳಲ್ಲಿ ಲಕ್ಷದ್ವೀಪದ ಕಡಲೇ 30 ಡಿಗ್ರಿ ಮುಟ್ಟುವಾಗ ತೊಟ್ಟಿಗೇಕೆ ಇಷ್ಟು ತಂಪು ಎಂದು ಕೇಳಬಹುದು. ಹವಳಗಳು ತಮ್ಮ ಸಹನೆಯ ಮೇಲಂಚಿಗೆ ಬಹಳ ಸಮೀಪದಲ್ಲೇ ಬದುಕುತ್ತವೆ. ರೂಢಿಯ ಬೇಸಿಗೆಯ ಗರಿಷ್ಠಕ್ಕಿಂತ ಒಂದೇ ಡಿಗ್ರಿ ಹೆಚ್ಚಾಗಿ ಕೆಲವು ವಾರ ಹಾಗೆಯೇ ಉಳಿದರೆ ಕಡಲಲ್ಲೂ ಬಿಳುಚುತ್ತವೆ. ಕಡಲಿನ ಉಷ್ಣತೆ ಒಂದು ಡಿಗ್ರಿ ಏರಲು ದಿನಗಟ್ಟಲೆ ಬೇಕು, ತೊಟ್ಟಿಯಲ್ಲಿ ಕೆಲವು ಗಂಟೆಗಳು ಸಾಕು. ಜೊತೆಗೆ, ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಇಳಿಯುತ್ತದೆ: ಉಪ್ಪುನೀರಿನಲ್ಲಿ 25 ಡಿಗ್ರಿಗೆ ಲೀಟರಿಗೆ ಸುಮಾರು 6.7 ಮಿಲಿಗ್ರಾಂ ಇದ್ದದ್ದು 30 ಡಿಗ್ರಿಗೆ ಸುಮಾರು 6.2 ಆಗುತ್ತದೆ. ಕೆಳಗಿನ ಉಷ್ಣತೆಯಲ್ಲಿ ಇಟ್ಟರೆ ತಪ್ಪಿಗೆ ಒಂದಷ್ಟು ಅವಕಾಶ ಉಳಿಯುತ್ತದೆ.

ನೀರಿನ ಮೇಲ್ಮೈಗೆ ಫ್ಯಾನ್ ಬೀಸಿದರೆ ಆವಿಯಾಗುವಿಕೆಯಿಂದ ಎರಡು ಡಿಗ್ರಿಯಷ್ಟು ಇಳಿಸಬಹುದು. ಆದರೆ ಗಾಳಿ ಒಣಗಿದ್ದಾಗ ಮಾತ್ರ ಈ ಉಪಾಯ ಚೆನ್ನಾಗಿ ನಡೆಯುತ್ತದೆ. ಮೈಯ ಬೆವರೇ ಆರದ ನಮ್ಮ ಕರಾವಳಿಯ ಮೇ ತಿಂಗಳಲ್ಲಿ ಅದನ್ನು ಪೂರ್ತಿ ನಂಬುವಂತಿಲ್ಲ. ಚಿಲ್ಲರ್ ಎಂಬ ತಂಪುಯಂತ್ರವೋ ಎಸಿ ಕೋಣೆಯೋ ಬೇಕಾಗುತ್ತದೆ, ಮತ್ತು ಅದರ ಖರ್ಚನ್ನು ತೊಟ್ಟಿಯ ಬೆಲೆಯೊಡನೆ ಮೊದಲೇ ಕೂಡಿಸಿ ನೋಡಬೇಕು. ಪಡುವಣ ಬಿಸಿಲು ಬೀಳುವ ಗೋಡೆಯ ಬಳಿ ತೊಟ್ಟಿಯನ್ನು ಇಡಬಾರದು.

ಮಳೆಗಾಲದ ಸಮಸ್ಯೆ ಬೇರೆ. ಗಾಳಿಗೆ ಮರ ಬಿದ್ದು ತಂತಿ ಹರಿದರೆ ತೋಟದ ನಡುವಿನ ಮನೆಗಳಿಗೆ ಕರೆಂಟು ಬರಲು ಒಂದು ಹಗಲು ಒಂದು ರಾತ್ರಿ ಆಗುವುದೂ ಉಂಟು. ದೀಪವಿಲ್ಲದೆ ಹವಳ ಎರಡು ಮೂರು ದಿನ ತಡೆಯುತ್ತದೆ, ನೀರಿನ ಚಲನೆ ನಿಂತರೆ ತಡೆಯುವುದಿಲ್ಲ. ನಿಂತ ನೀರಿನಲ್ಲಿ ಆಮ್ಲಜನಕ ಕೆಲವೇ ಗಂಟೆಗಳಲ್ಲಿ ಕುಸಿಯುತ್ತದೆ. ಇನ್ವರ್ಟರ್‌ಗೆ ಅಲೆ ಎಬ್ಬಿಸುವ ಪಂಪನ್ನು ಮಾತ್ರ ಜೋಡಿಸಿದರೆ ಬ್ಯಾಟರಿ ಬಹಳ ಹೊತ್ತು ಬರುತ್ತದೆ. ಬ್ಯಾಟರಿಯಲ್ಲೇ ಓಡುವ ಪುಟ್ಟ ಗಾಳಿ ಪಂಪನ್ನೂ ತೆಗೆದಿಟ್ಟಿರಬೇಕು.

ಬೆಳಕು ಮತ್ತು ಅಲೆ

ಕಡಲ ನೀರು ಕೆಂಪು ಬೆಳಕನ್ನು ಮೊದಲ ಕೆಲವು ಮೀಟರುಗಳಲ್ಲೇ ಹೀರುತ್ತದೆ. ಆಳಕ್ಕೆ ಇಳಿಯುವುದು ನೀಲಿ. ಹವಳದೊಳಗಿನ ಪಾಚಿ ಅದಕ್ಕೇ ಹೊಂದಿಕೊಂಡಿರುವುದರಿಂದ ಹವಳದ ದೀಪಗಳು ನೀಲಿಯಾಗಿರುತ್ತವೆ. ದಿನಕ್ಕೆ 8ರಿಂದ 10 ಗಂಟೆ ಸಾಕು, ಟೈಮರ್ ಮೂಲಕ ದಿನವೂ ಒಂದೇ ಹೊತ್ತಿಗೆ. ಹೊಸ ಹವಳವನ್ನು ಮೊದಲು ತಳದ ಮರಳಿನ ಮೇಲಿಟ್ಟು, ದೀಪವನ್ನು ಅರ್ಧಕ್ಕಿಂತ ಕಡಿಮೆ ಪ್ರಖರತೆಯಿಂದ ಆರಂಭಿಸಿ, ಮೂರು ನಾಲ್ಕು ವಾರಗಳಲ್ಲಿ ನಿಧಾನವಾಗಿ ಏರಿಸಬೇಕು. ಬೆಳಕು ಸಾಲದಿದ್ದರೆ ಹವಳ ಕಂದಾಗಿ ಬೆಳಕಿನತ್ತ ಉದ್ದಕ್ಕೆ ಚಾಚುತ್ತದೆ, ಅದನ್ನು ಸರಿಪಡಿಸಬಹುದು. ಬೆಳಕು ಅತಿಯಾದರೆ ಎರಡು ದಿನದಲ್ಲಿ ಬಿಳುಚುತ್ತದೆ.

ಓಡಾಡಲಾಗದ ಹವಳಕ್ಕೆ ಆಹಾರ, ಆಮ್ಲಜನಕ ತರುವುದೂ ತ್ಯಾಜ್ಯ ಒಯ್ಯುವುದೂ ನೀರೇ. ವೇವ್ ಮೇಕರ್ ಪಂಪ್ ನೇರವಾಗಿ ಒಂದೇ ಹವಳದ ಮೇಲೆ ಬಡಿಯದೆ, ಎದುರಿನ ಗಾಜಿಗೆ ತಾಗಿ ಚದುರಿ ಬರುವಂತೆ ಇರಬೇಕು.

ಸುಣ್ಣದ ಲೆಕ್ಕ

ಪಂಜರ ಕಟ್ಟುವ ಜೀವಿಗಳು ನೀರಿನಿಂದ ಕ್ಯಾಲ್ಸಿಯಂ ಮತ್ತು ಕಾರ್ಬೊನೇಟ್ ಎರಡನ್ನೂ ಎಳೆದುಕೊಳ್ಳುತ್ತವೆ. ಕಾರ್ಬೊನೇಟಿನ ದಾಸ್ತಾನನ್ನು ಸೂಚಿಸುವ ಅಳತೆಗೆ ಕ್ಷಾರೀಯತೆ ಎಂದು ಹೆಸರು; ಡಿಕೆಎಚ್ ಎಂಬ ಮಾನದಲ್ಲಿ ಕಡಲಿನಲ್ಲಿ ಅದು ಸುಮಾರು 7, ತೊಟ್ಟಿಗಳಲ್ಲಿ 7ರಿಂದ 11ರೊಳಗೆ ಇರಬೇಕು. ಲೀಟರಿಗೆ ಕ್ಯಾಲ್ಸಿಯಂ 400–450, ಮೆಗ್ನೀಸಿಯಂ 1250–1350 ಮಿಲಿಗ್ರಾಂ ಇದ್ದರೆ ಸರಿ. ಕ್ಷಾರೀಯತೆ 8 ಇರಲಿ, 9 ಇರಲಿ, ಇಂದಿನಂತೆ ನಾಳೆಯೂ ಇರಬೇಕಾದುದು ಮುಖ್ಯ. ಒಂದೇ ದಿನದಲ್ಲಿ ಒಂದಕ್ಕಿಂತ ಹೆಚ್ಚು ಏರಿಸಬಾರದು. ಮೆದು ಹವಳಗಳಷ್ಟೇ ಇರುವ ತೊಟ್ಟಿಗೆ ವಾರದ ನೀರು ಬದಲಾವಣೆಯೇ ಇದನ್ನೆಲ್ಲ ಒದಗಿಸುತ್ತದೆ, ಬೇರೆ ಬಾಟಲಿಗಳು ಬೇಡ.

ಬಳಕೆ ಹೆಚ್ಚಿದಾಗ ಅನುಭವಿಗಳು ಸುಣ್ಣದ ತಿಳಿನೀರನ್ನು ಹನಿಹನಿಯಾಗಿ ಬಿಡುವುದುಂಟು. ಇದು ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ವೀಳ್ಯಕ್ಕೆ ಹಚ್ಚುವ ಸುಣ್ಣದ ರಾಸಾಯನಿಕವೇ. ಆದರೆ ವೀಳ್ಯದ ಸುಣ್ಣದಲ್ಲಿ ಬೇರೆ ಏನೇನಿದೆ ಎಂದು ಹೇಳಲಾಗದು, ಆದ್ದರಿಂದ ಶುದ್ಧ ದರ್ಜೆಯದೇ ಬೇಕು. ಈ ತಿಳಿನೀರಿನ ಪಿಎಚ್ 12ಕ್ಕಿಂತ ಹೆಚ್ಚು. ಒಮ್ಮೆಲೇ ಸುರಿದರೆ ತೊಟ್ಟಿಯ ಜೀವಿಗಳೆಲ್ಲ ಸಾಯುತ್ತವೆ.

ಹವಳವನ್ನು ದಿನವೂ ನೋಡುವಾಗ

ಪಾಲಿಪ್‌ಗಳು ಹಗಲಿನಲ್ಲಿ ಪೂರ್ತಿ ಅರಳಿದ್ದರೆ ಎಲ್ಲವೂ ಸರಿಯಿದೆ. ಲೆದರ್ ಕೋರಲ್ ಕೆಲವು ದಿನ ಮುದುಡಿ, ಮೇಣದಂಥ ಪೊರೆ ಕಳಚಿ ಮತ್ತೆ ಅರಳುವುದು ಅದರ ಸ್ವಭಾವ. ಬುಡದಿಂದ ಮಾಂಸ ಕರಗುತ್ತ ಬಂದರೆ, ಕಂದು ಲೋಳೆ ಸುರಿದು ದುರ್ವಾಸನೆ ಬಂದರೆ ಅದು ಕೊಳೆಯುತ್ತಿದೆ ಎಂದು ಅರ್ಥ. ಆ ತುಂಡನ್ನು ಬೇರೆ ಪಾತ್ರೆಗೆ ಸರಿಸಬೇಕು. ಹವಳ ಮುದುಡಿದಾಗ ಮೊದಲು ನೋಡಬೇಕಾದ್ದು ಉಷ್ಣಮಾಪಕ, ಎರಡನೆಯದು ಲವಣಾಂಶ, ಮೂರನೆಯದು ಕ್ಷಾರೀಯತೆ. ಏನಾದರೂ ಬದಲಿಸುವುದಿದ್ದರೆ ಒಂದನ್ನು ಮಾತ್ರ ಬದಲಿಸಿ ಒಂದು ವಾರ ಕಾಯಬೇಕು. ಮೂರನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಮೊದಲ ಹವಳ ಎರಡು ತಿಂಗಳು ಅರಳಿ ನಿಂತ ಮೇಲೆ ಎರಡನೆಯದನ್ನು ತರುವುದು ಸುರಕ್ಷಿತ.

ಮನುಷ್ಯರ ಮತ್ತು ಹೊಳೆಯ ಸುರಕ್ಷತೆ

ಅಂಗಿಯ ಗುಂಡಿಯಾಕಾರದ, ಹವಳದ ಹತ್ತಿರದ ಬಂಧುಗಳಾದ ಬಣ್ಣಬಣ್ಣದ ಜೋಆಂತಿಡ್‌ಗಳು ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತವೆ. ಅವುಗಳಲ್ಲಿ ಕೆಲವು ಪಾಲಿಟಾಕ್ಸಿನ್ ಎಂಬ ಅತ್ಯಂತ ತೀವ್ರವಾದ ವಿಷವನ್ನು ಹೊಂದಿವೆ. ಅವನ್ನು ಮುಟ್ಟುವಾಗ ಕೈಗವಸು, ಕತ್ತರಿಸುವಾಗ ಕಣ್ಣಿಗೆ ಕನ್ನಡಕ ಇರಬೇಕು. ಅವು ಅಂಟಿದ ಕಲ್ಲನ್ನು ಶುಚಿ ಮಾಡಲೆಂದು ಎಂದಿಗೂ ಕುದಿಸಬಾರದು: ಆವಿಯೊಡನೆ ಹರಡಿದ ವಿಷದಿಂದ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳು ವಿದೇಶಗಳಲ್ಲಿ ವೈದ್ಯಕೀಯವಾಗಿ ದಾಖಲಾಗಿವೆ.

200 ಲೀಟರಿನ ತೊಟ್ಟಿಯಿಂದ ವಾರವಾರ ತೆಗೆಯುವ 20 ಲೀಟರ್ ನೀರಿನಲ್ಲಿ 700 ಗ್ರಾಂ ಲವಣವಿರುತ್ತದೆ. ಅದನ್ನು ಅಡಿಕೆಯ ಬುಡಕ್ಕೋ ಮಲ್ಲಿಗೆಯ ಬುಡಕ್ಕೋ ಹೊಯ್ಯಬಾರದು. ಉಪ್ಪನ್ನು ತಡೆಯುವ ಮರ ತೆಂಗು, ಅದಕ್ಕೂ ಒಂದೇ ಬುಡಕ್ಕೆ ಪದೇ ಪದೇ ಬೇಡ. ಬೇಡವಾದ ಹವಳವನ್ನಾಗಲಿ ತೊಟ್ಟಿಯ ಕಲ್ಲನ್ನಾಗಲಿ ಹೊಳೆಗೋ ಅಳಿವೆಗೋ ಕಡಲಿಗೋ ಎಸೆಯುವಂತಿಲ್ಲ. ವೆನೆಜುವೆಲಾದ ಕರಾವಳಿಯಲ್ಲಿ ಇಂಡೊ–ಪೆಸಿಫಿಕ್ ಮೂಲದ, ಜೀನಿಯಾ ಬಳಗದ ಮೆದು ಹವಳವೊಂದು ಹಬ್ಬಿ ಅಲ್ಲಿನ ಮೂಲ ಹವಳಗಳನ್ನು ಮುಚ್ಚಿಬಿಟ್ಟಿದೆ. ಅಕ್ವೇರಿಯಂ ವ್ಯಾಪಾರದಿಂದಲೇ ಅದು ಅಲ್ಲಿಗೆ ಬಂದಿತೆಂದು ಭಾವಿಸಲಾಗಿದೆ. ಹವ್ಯಾಸ ಬಿಡುವವರು ಹವಳವನ್ನು ಇನ್ನೊಬ್ಬ ಹವ್ಯಾಸಿಗೋ ತಂದ ಅಂಗಡಿಗೋ ಕೊಡಬೇಕು, ಉಳಿದ ನೀರಿಗೆ ಬ್ಲೀಚಿಂಗ್ ಪುಡಿ ಹಾಕಿ ಒಂದು ದಿನ ಇಟ್ಟು ಆಮೇಲೆ ಚೆಲ್ಲಬೇಕು.